ಟ್ರ್ಯಾಕಿಗೆ ಹೊರಟ ಮನೆ ಕಾರಿಗೆ ಟೋ ಹುಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಕೊಯಮತ್ತೂರು ಬಳಿಯ ಕರಿ ಮೋಟಾರ್ ಸ್ಪೀಡ್‌ವೇ. ಈ ಎರಡು ರೇಸ್ ಟ್ರ್ಯಾಕುಗಳಿಗೆ ಟ್ರ್ಯಾಕ್ ಡೇ ದಿನ, ಅಂದರೆ ಸ್ಪರ್ಧೆಯಿಲ್ಲದೆ ಸ್ವಂತ ಕಾರು ಓಡಿಸಲು ಬಿಡುವ ದಿನ, ಕಾರು ಒಯ್ಯುವ ಓದುಗರು ಬರೆದ ಪ್ರಶ್ನೆಗಳಲ್ಲಿ ಟೋ ಹುಕ್ಕಿನವನ್ನಷ್ಟೇ (ಸಿಕ್ಕಿಕೊಂಡ ಕಾರನ್ನು ಎಳೆಯಲು ಹಗ್ಗ ಸಿಕ್ಕಿಸುವ ಕೊಂಡಿ) ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಬಗೆಯವನ್ನು ಕೂಡಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ನನ್ನದು ಫೋಕ್ಸ್‌ವ್ಯಾಗನ್ ಪೋಲೊ. ಟ್ರ್ಯಾಕ್ ಡೇ ಆಯೋಜಕರು ಟೋ ಹುಕ್ ಕಡ್ಡಾಯ ಎಂದಿದ್ದಾರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ಕಂಪನಿಯವರೇ ಕೊಟ್ಟ ಕೊಂಡಿ ಇದೆ. ಅದು ಸಾಕೇ? ತಿರುಗಿಸಿ ನೋಡಿದೆ, ಕೂರುತ್ತಿಲ್ಲ. — ಬಸವನಗುಡಿ, ಬೆಂಗಳೂರು

ಮೊದಲು ಕೂರದ ಕಾರಣ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ ಟೋ ಕೊಂಡಿಗೆ ಎಡಗೈ ಥ್ರೆಡ್ ಇರುತ್ತದೆ. ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿದರೆ ಒಳಗೆ ಹೋಗುತ್ತದೆ. ಇದು ಗೊತ್ತಿಲ್ಲದೆ ವೀಲ್ ಪಾನಾ ತೂರಿಸಿ ಬಲಕ್ಕೆ ಒತ್ತಿ ತಿರುಗಿಸಿದವರು ಒಳಗಿನ ನಟ್ಟಿನ ಮೊದಲ ಎರಡು ಸುತ್ತನ್ನು ಹಾಳುಮಾಡಿಕೊಳ್ಳುತ್ತಾರೆ. ಆ ನಟ್ಟು ಬಂಪರ್ ಹಿಂದಿನ ಬೀಮ್‌ಗೆ ವೆಲ್ಡ್ ಆಗಿರುತ್ತದೆ. ಕೆಟ್ಟರೆ ನಟ್ಟೊಂದನ್ನೇ ಬದಲಿಸಲು ಬರುವುದಿಲ್ಲ, ಬೀಮೇ ಹೊಸದು ಬೇಕು.

ಕೂರಿಸುವ ಕ್ರಮ ಹೀಗೆ. ಬಂಪರಿನಲ್ಲಿರುವ ಚಿಕ್ಕ ಮುಚ್ಚಳದ ಒಂದು ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ ಇನ್ನೊಂದು ಅಂಚು ಮೇಲೇಳುತ್ತದೆ. ಸ್ಕ್ರೂಡ್ರೈವರ್ ಬೇಕೇಬೇಕಾದರೆ ತುದಿಗೆ ಬಟ್ಟೆ ಸುತ್ತಿ. ಒಳಗೆ ಟಾರ್ಚ್ ಬಿಟ್ಟು ನೋಡಿ. ಐದಾರು ಮಳೆಗಾಲ ಕಂಡ ಕಾರಾದರೆ ನಟ್ಟಿನೊಳಗೆ ಮಣ್ಣು, ತುಕ್ಕು ಇದ್ದೇ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು, ಬಾಟಲಿ ತೊಳೆಯುವಂಥ ನೈಲಾನ್ ಬ್ರಷ್‌ನಿಂದ ತೆಗೆಯಿರಿ. ಗ್ಯಾರೇಜಿನಲ್ಲಿ ಕೈಗೆ ಸಿಕ್ಕ ಟ್ಯಾಪ್ (ನಟ್ಟಿನೊಳಗೆ ಹಲ್ಲು ಕೊರೆಯುವ ಉಪಕರಣ) ಓಡಿಸಲು ಬಿಡಬೇಡಿ. ಅದು ಬಲಗೈ ಟ್ಯಾಪ್ ಆಗಿರುತ್ತದೆ. ಕೊಂಡಿಯ ಥ್ರೆಡ್ಡಿಗೆ ತಾಮ್ರದ ಗ್ರೀಸ್ ತೆಳುವಾಗಿ ಸವರಿ ಬರಿಗೈಯಲ್ಲಿ ತಿರುಗಿಸಿ, ಸುತ್ತು ಎಣಿಸಿ. ಹತ್ತು ಸುತ್ತಿನ ಹತ್ತಿರ ಕೈಯಲ್ಲೇ ಹೋಗಬೇಕು. ಮೂರ್ನಾಲ್ಕಕ್ಕೇ ಬಿಗಿದರೆ ನಿಲ್ಲಿಸಿ, ಹೊರತೆಗೆದು ಮತ್ತೆ ಶುಚಿ ಮಾಡಿ. ಕೊನೆಗೆ ಮುಟ್ಟಿದ ಮೇಲೆ ಮಾತ್ರ ವೀಲ್ ಪಾನಾದ ಹಿಡಿಯನ್ನು ಉಂಗುರದಲ್ಲಿ ತೂರಿಸಿ ಗಟ್ಟಿ ಮಾಡಿ. ಕೊಂಡಿಯ ಭುಜ, ಅಂದರೆ ಥ್ರೆಡ್ ಮುಗಿದು ದಪ್ಪ ಭಾಗ ಶುರುವಾಗುವ ಜಾಗ, ನಟ್ಟಿನ ಬಾಯಿಗೆ ಒತ್ತಿ ಕೂತಿರಬೇಕು, ನಡುವೆ ಸಂದು ಇರಕೂಡದು.

ಇನ್ನು ಸಾಕೇ ಎಂಬುದು. ಆಯೋಜಕರ ತಪಾಸಣೆಗೆ ಬಹುತೇಕ ಸಾಕು. ಆದರೆ ಈ ಕೊಂಡಿ ತಯಾರಾದದ್ದು ಟಾರು ರಸ್ತೆಯಲ್ಲಿ ನಿಂತ ಕಾರನ್ನು ನೇರವಾಗಿ, ಮೆಲ್ಲಗೆ ಎಳೆಯಲಿಕ್ಕೆ. ಚಾಲಕನೂ ಸೇರಿ 1,200 ಕೆಜಿ ಆಗುವ ಕಾರು ಸಮತಟ್ಟಾದ ಟಾರಿನ ಮೇಲೆ ಉರುಳಲು 20 ಕೆಜಿಯಷ್ಟು ಎಳೆತ ಸಾಕು. ಅದೇ ಕಾರು ತಿರುವು ತಪ್ಪಿ ಟ್ರ್ಯಾಕ್ ಬದಿಯ ಜಲ್ಲಿಯಲ್ಲಿ ಹೂತರೆ 300 ಕೆಜಿ ಬೇಕಾಗಬಹುದು. ಹೊಟ್ಟೆ ನೆಲಕ್ಕೆ ತಾಗಿದ್ದರೆ ಕಾರಿನ ಅರ್ಧ ತೂಕ, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಎಳೆಯುವ ಟ್ರ್ಯಾಕ್ಟರೋ ಜೀಪೋ ಜರ್ಕ್ ಕೊಟ್ಟರೆ ಲೆಕ್ಕವೇ ಬೇರೆ.

ಎಳೆತದ ಪ್ರಮಾಣಕ್ಕಿಂತ ದಿಕ್ಕು ಮುಖ್ಯ. ಉದಾಹರಣೆಗೆ 16 ಮಿಮೀ ದಪ್ಪದ, 8.8 ದರ್ಜೆಯ (ಬೋಲ್ಟಿನ ಬಲ ಸೂಚಿಸುವ ಅಂಕಿ) ಉಕ್ಕಿನ ಕೊಂಡಿ ತೆಗೆದುಕೊಳ್ಳಿ. ನೇರ ಎಳೆತಕ್ಕೆ ಅದು ಸುಮಾರು 10 ಟನ್‌ವರೆಗೂ ಹಿಗ್ಗುವುದಿಲ್ಲ. ಅಷ್ಟು ಹೊತ್ತಿಗೆ ಬೀಮ್ ಕಿತ್ತು ಬಂದಿರುತ್ತದೆ. ಅದೇ ಕೊಂಡಿ ನಟ್ಟಿನ ಬಾಯಿಂದ 100 ಮಿಮೀ ಹೊರಗೆ ಚಾಚಿದ್ದು, ಉಂಗುರವನ್ನು ಪಕ್ಕಕ್ಕೆ ಎಳೆದರೆ ಕೇವಲ 260 ಕೆಜಿಗೆ ಬಾಗಲು ಶುರು. ಭುಜ ಕೂರದೆ ಥ್ರೆಡ್ ಭಾಗ ಹೊರಗೆ ಉಳಿದಿದ್ದರೆ ತೆಳುವಾದ ಜಾಗ ಅದೇ. 160 ಕೆಜಿಗೇ ಬಾಗುತ್ತದೆ. 500 ಕೆಜಿ ಎಳೆತ 30 ಡಿಗ್ರಿ ಓರೆಯಾಗಿ ಬಂದರೆ ಅರ್ಧ, ಅಂದರೆ 250 ಕೆಜಿ, ಪಕ್ಕದ ಎಳೆತವೇ. ಹಾಗಾಗಿ ಸ್ಕ್ರೂ ಕೊಂಡಿಗೆ ಹಗ್ಗ ಕಟ್ಟಿದ ಮೇಲೆ ಎಳೆಯುವ ವಾಹನ ನಿಮ್ಮ ಕಾರಿನ ನೇರಕ್ಕೆ ಬಂದು ನಿಂತಿದೆಯೇ ಎಂದು ನೋಡಿ. 10 ಡಿಗ್ರಿ ಒಳಗಿದ್ದರೆ ಚಿಂತೆಯಿಲ್ಲ.

ಇನ್ನೊಂದು ಸಣ್ಣ ತೊಡಕು: ಕಂಪನಿ ಕೊಂಡಿಯ ಉಂಗುರ ಚಿಕ್ಕದು, ಟ್ರ್ಯಾಕಿನ ರಿಕವರಿ ವಾಹನದ ದಪ್ಪ ಕೊಕ್ಕೆ ಒಳಗೆ ಹೋಗದಿರಬಹುದು. 3.25 ಟನ್ ಎಂದು ಅಚ್ಚಾಗಿರುವ 16 ಮಿಮೀ ಬಿಲ್ಲಿನಾಕಾರದ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಉಕ್ಕಿನ ಕೊಂಡಿ) ಒಂದನ್ನು ಬಾಗಿಲಿನ ಜೇಬಿನಲ್ಲಿಡಿ. ಅದರ ಪಿನ್ 19 ಮಿಮೀ ಇರುತ್ತದೆ, ನಿಮ್ಮ ಉಂಗುರದಲ್ಲಿ ತೂರುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಟೋ ಕೊಂಡಿಯನ್ನು ಪ್ಯಾಡಾಕಿನಲ್ಲಿ, ಅಂದರೆ ಟ್ರ್ಯಾಕಿಗೆ ಇಳಿಯುವ ಮೊದಲು ಕಾರು ನಿಲ್ಲಿಸುವ ಜಾಗದಲ್ಲಿ, ಹಾಕಿಕೊಂಡು, ವಾಪಸ್ ಹೊರಡುವ ಮೊದಲು ಬಿಚ್ಚಿ. ಡಿಕ್ಕಿಯಲ್ಲೇ ಬಿಟ್ಟು ಟ್ರ್ಯಾಕಿಗೆ ಇಳಿದರೆ ಅದು ಇದ್ದೂ ಇಲ್ಲದಂತೆ. ತಿರುವಿನಲ್ಲಿ ಸಿಕ್ಕಿಕೊಂಡ ಕಾರಿನ ಡಿಕ್ಕಿ ತೆರೆದು ಕಾರ್ಪೆಟ್ ಎತ್ತಿ ಹುಡುಕುವ ಕೆಲಸ ಟ್ರ್ಯಾಕಿನ ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್‌ಗಳದ್ದಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ನೀಲಿ ಬಣ್ಣದ ಅಲ್ಯೂಮಿನಿಯಂ ಟೋ ಹುಕ್ ತರಿಸಿದೆ, ಮಡಚುವ ಉಂಗುರದ್ದು. ಎರಡು ಸುತ್ತು ಹೋಗಿ ನಿಲ್ಲುತ್ತದೆ. ಲೇತ್‌ನವರು ಥ್ರೆಡ್ ಸರಿಮಾಡಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಮಾಡಿಸಲೇ? — ದಾವಣಗೆರೆ

ಬೇಡ. ಎರಡು ಸುತ್ತಿಗೆ ನಿಲ್ಲುವುದೆಂದರೆ ಪಿಚ್, ಅಂದರೆ ಥ್ರೆಡ್ಡಿನ ಹಲ್ಲಿನಿಂದ ಹಲ್ಲಿಗಿರುವ ಅಂತರ, ಬೇರೆ. 16 ಮಿಮೀ ವ್ಯಾಸದ ಬೋಲ್ಟುಗಳಲ್ಲೇ 2 ಮಿಮೀ ಪಿಚ್ಚಿನವೂ ಇವೆ, 1.5 ಮಿಮೀನವೂ ಇವೆ. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಒಂದರ ನಟ್ಟಿಗೆ ಇನ್ನೊಂದು ಕೂರುವುದಿಲ್ಲ. ಕೊಳ್ಳುವ ಮೊದಲು ಕಂಪನಿ ಕೊಂಡಿಯನ್ನೇ ಅಳೆಯಬೇಕಿತ್ತು: ವರ್ನಿಯರ್‌ನಲ್ಲಿ ಥ್ರೆಡ್ಡಿನ ಹೊರವ್ಯಾಸ ನೋಡಿ (16ರದ್ದು 15.7ರಿಂದ 15.9ರ ನಡುವೆ ತೋರಿಸುತ್ತದೆ), ಹತ್ತು ಹಲ್ಲಿನ ಉದ್ದ ಅಳೆದು ಹತ್ತರಿಂದ ಭಾಗಿಸಿದರೆ ಪಿಚ್ ಸಿಗುತ್ತದೆ. ಹಲ್ಲು ಎಡಕ್ಕೆ ಏರುತ್ತದೋ ಬಲಕ್ಕೆ ಏರುತ್ತದೋ ಅದನ್ನೂ ನೋಡಿ. ಕಡ್ಡಿಯ ಉದ್ದವೂ ಬೇಕು, ಏಕೆಂದರೆ ಬಂಪರಿನ ಹೊರಮೈಯಿಂದ ನಟ್ಟು ಎಷ್ಟು ಒಳಗಿದೆ ಎಂಬುದು ಕಾರಿಂದ ಕಾರಿಗೆ ಬೇರೆ.

ಲೇತ್‌ನಲ್ಲಿ ಹೊಸ ಹಲ್ಲು ಕೊರೆಯಬೇಕಾದರೆ ಹಳೆಯದನ್ನು ಕೆತ್ತಿ ತೆಗೆದು ಕಡ್ಡಿಯನ್ನು ಸಣ್ಣ ಮಾಡಬೇಕು, ಆಮೇಲೆ ಅದು ನಿಮ್ಮ ನಟ್ಟಿಗೆ ಸಡಿಲ. ಅಡಾಪ್ಟರ್ ಹಾಕಿದರೂ ಅಷ್ಟೆ, ಬಾಗುವ ಜಾಗ ಒಂದು ಹೆಚ್ಚಾಯಿತು.

ಅಲ್ಯೂಮಿನಿಯಂ ಎಂಬುದೇ ಒಂದು ಪ್ರಶ್ನೆ. ಒಳ್ಳೆಯ 6061-ಟಿ6 ಅಲ್ಯೂಮಿನಿಯಂ ಕೂಡ 8.8 ದರ್ಜೆ ಉಕ್ಕಿನ ಅರ್ಧಕ್ಕಿಂತ ಕಡಿಮೆ ಒತ್ತಡಕ್ಕೆ ಸೋಲುತ್ತದೆ. ಅಗ್ಗದ ಹುಕ್ಕು ಯಾವ ಮಿಶ್ರಲೋಹದ್ದೆಂದು ಮಾರುವವರಿಗೂ ಗೊತ್ತಿರುವುದಿಲ್ಲ. ಮಡಚುವ ಬಗೆಯಲ್ಲಿ ಮೂರು ಕಡೆ ನೋಡಿ: ಕಡ್ಡಿ ಉಕ್ಕಿನದೇ, ಉಂಗುರ ಉಕ್ಕಿನದೇ, ಕೀಲಿನ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಚ್ಚು ಇದೆಯೇ. ಮೂರೂ ಇದ್ದರೆ ಮಡಚುವ ಉಂಗುರ ನಿಜಕ್ಕೂ ಒಳ್ಳೆಯದು. ಕೀಲು ತಿರುಗುವುದರಿಂದ ಒಂದು ದಿಕ್ಕಿನ ಓರೆ ಎಳೆತ ಕಡ್ಡಿಯನ್ನು ಬಾಗಿಸುವುದಿಲ್ಲ. ಆದ್ದರಿಂದ ಉಂಗುರ ಪಕ್ಕಕ್ಕೆ ತಿರುಗುವ ಹಾಗೆ, ಅಂದರೆ ಕೀಲಿನ ಬೋಲ್ಟು ನೆಟ್ಟಗೆ ನಿಲ್ಲುವ ಹಾಗೆ, ಲಾಕ್‌ನಟ್ ಬಿಗಿಯಬೇಕು. ಬಹಳ ಜನ ಉಂಗುರ ಕೆಳಗೆ ಜೋತುಬೀಳುವಂತೆ ಕೂರಿಸುತ್ತಾರೆ. ನೋಡಲು ಚೆಂದ, ಪಕ್ಕದ ಎಳೆತಕ್ಕೆ ಪ್ರಯೋಜನವಿಲ್ಲ.

ಬಂಪರ್ ಪ್ಲಾಸ್ಟಿಕ್ಕಿಗೆ ಎರಡು ಸ್ಕ್ರೂ ಹೊಡೆದು ಕೂರಿಸುವ, ತ್ರಿಕೋನಾಕಾರದ ಅಲಂಕಾರದ ಹುಕ್ಕುಗಳೂ ಮಾರುಕಟ್ಟೆಯಲ್ಲಿ ತುಂಬಿವೆ. ಅಂಥದ್ದು ಹಾಕಿದ ಕಾರನ್ನು ಟ್ರ್ಯಾಕಿಗೆ ತರಲೇಬೇಡಿ. ಗಡಿಬಿಡಿಯಲ್ಲಿ ಮಾರ್ಷಲ್ ಅದಕ್ಕೇ ಹಗ್ಗ ಸಿಕ್ಕಿಸುತ್ತಾರೆ, ಬಂಪರ್ ಕಿತ್ತು ಬರುತ್ತದೆ.

ನಿಮ್ಮ ದುಡ್ಡಿಗೆ ಸರಿಯಾದ ವಸ್ತು ಬೇಕಿದ್ದರೆ ಡೀಲರ್ ಬಿಡಿಭಾಗಗಳ ಕೌಂಟರಿನಲ್ಲಿ ನಿಮ್ಮದೇ ಮಾದರಿಯ ಕಂಪನಿ ಕೊಂಡಿ ಇನ್ನೊಂದು ಕೊಳ್ಳಿ. ಹಿಂದಿನ ಬಂಪರಿನಲ್ಲೂ ನಟ್ಟು ಇರುವ ಕಾರಾದರೆ ಮುಂದಕ್ಕೊಂದು ಹಿಂದಕ್ಕೊಂದು ಆಯಿತು.

ಪ್ರಶ್ನೆ: ಹಳೆಯ ಮಾರುತಿ ಎಸ್ಟೀಮ್. ಹಿಂದೆ ಎಲ್ಲಿಯೂ ಸ್ಕ್ರೂ ಹಾಕುವ ನಟ್ಟು ಇಲ್ಲ. ಪ್ಲೇಟ್ ಕತ್ತರಿಸಿ ಹುಕ್ ಮಾಡಿಸುವ ಯೋಚನೆ. ಅಳತೆ, ದಪ್ಪ, ಎಲ್ಲಿಗೆ ಕೂರಿಸಬೇಕು ಎಂದು ವಿವರವಾಗಿ ತಿಳಿಸಿ. ವೆಲ್ಡ್ ಮಾಡಿದರೆ ಸುಲಭವಲ್ಲವೇ? — ಹುಬ್ಬಳ್ಳಿ

ಹಿಂದಿನ ಹುಕ್ಕಿನ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಎಲ್ಲರ ಗಮನ ಮುಂದಿನದರ ಮೇಲೆ. ಆದರೆ ಟ್ರ್ಯಾಕ್ ಬಿಟ್ಟ ಕಾರು ಸಾಮಾನ್ಯವಾಗಿ ಮೂತಿ ಮುಂದೆ ಮಾಡಿ ಜಲ್ಲಿಗೆ ನುಗ್ಗುತ್ತದೆ; ಹೊರಗೆಳೆಯುವುದು ಬಂದ ದಾರಿಯಲ್ಲೇ, ಹಿಂದಕ್ಕೆ. ಕೆಲಸಕ್ಕೆ ಬರುವುದು ಹಿಂದಿನ ಹುಕ್ಕೇ.

ಮೊದಲು ಎಲ್ಲಿ ಕೂರಿಸಬಾರದು ಎಂಬುದನ್ನು ತೀರ್ಮಾನಿಸಿ. ಸ್ಟೆಪ್ನಿ ಕೂರುವ ಗುಂಡಿ ತೆಳುವಾದ ತಗಡು, ಬೋಲ್ಟು ಸುತ್ತಲಿನ ತಗಡನ್ನೇ ಹರಿದುಕೊಂಡು ಬರುತ್ತದೆ. ಹಿಂದಿನ ಆಕ್ಸಲ್, ಸಸ್ಪೆನ್ಷನ್ ಆರ್ಮ್ ಬೇಡವೇ ಬೇಡ. ಕಾರಿನಡಿ ಕಾಣುವ ಚಿಕ್ಕ ತಗಡಿನ ಕಿವಿಗಳು ಹಲವು ಮಾದರಿಗಳಲ್ಲಿ ಲಾರಿ ಮೇಲೆ ಸಾಗಿಸುವಾಗ ಕೆಳಕ್ಕೆ ಬಿಗಿಯಲು ಇಟ್ಟವು, ಹಿಂದಕ್ಕೆ ಎಳೆಯಲು ಅಲ್ಲ. ಮಾಲೀಕರ ಕೈಪಿಡಿಯಲ್ಲಿ ಯಾವುದು ಯಾವುದಕ್ಕೆ ಎಂದು ಬರೆದಿರುತ್ತದೆ.

ಉಳಿಯುವುದು ಚಾಸಿ ಮೆಂಬರ್. ಡಿಕ್ಕಿ ನೆಲದಡಿ ಎಡಕ್ಕೂ ಬಲಕ್ಕೂ ಉದ್ದಕ್ಕೆ ಓಡುವ, ಪೆಟ್ಟಿಗೆಯಾಕಾರದ ಆ ಎರಡು ಮೆಂಬರ್‌ಗಳ ತುದಿಗೇ ಹುಕ್ ಬರಬೇಕು. ಸೈಲೆನ್ಸರ್ ಇಲ್ಲದ ಬದಿ ಆರಿಸಿಕೊಳ್ಳಿ. ಸುತ್ತಿಗೆಯ ಹಿಡಿಯಿಂದ ತಟ್ಟಿ, ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಆ ವಯಸ್ಸಿನ ಕಾರುಗಳಲ್ಲಿ ಅಂಡರ್‌ಕೋಟಿಂಗ್ ಕೆಳಗೆ ತುಕ್ಕು ಅಡಗಿ ಕೂತಿರುವುದು ಸಾಮಾನ್ಯ. ಚುಚ್ಚಿದ್ದು ಒಳಗೆ ಹೋದರೆ ಹುಕ್ಕಿನ ಮಾತು ಆಮೇಲೆ, ಮೊದಲು ಟಿಂಕರಿಂಗ್.

ಪ್ಲೇಟಿಗೆ 8 ಮಿಮೀ ದಪ್ಪದ ಸಾಮಾನ್ಯ ಮೈಲ್ಡ್ ಸ್ಟೀಲ್ ಸಾಕು, ಐಎಸ್ 2062 ಇ250 ಎಂದು ಕೇಳಿ. ಲೇಸರ್ ಕಟಿಂಗ್ ಮಾಡಿಸಿದರೆ ಅಂಚು ನೇರ ಬರುತ್ತದೆ. ಬೆಂಗಳೂರಾದರೆ ಪೀಣ್ಯದಲ್ಲಿ ಇದು ದಿನನಿತ್ಯದ ಕೆಲಸ, ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಲ್ಲೂ ವಿಚಾರಿಸಿ. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದರೆ ಅಂಚಿನ ಗಟ್ಟಿ ಪದರವನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆಯಬೇಕು. ಉಂಗುರದ ರಂಧ್ರ 50 ಮಿಮೀ, ಸುತ್ತ 15 ಮಿಮೀ ಲೋಹ, ಅಂದರೆ ತಲೆಯ ಹೊರವ್ಯಾಸ 80. ಈ ಅಳತೆಯಲ್ಲಿ ರಂಧ್ರದ ಎರಡು ಪಕ್ಕದ ಲೋಹ ಸೇರಿ 240 ಚದರ ಮಿಮೀ. ಇ250 ಉಕ್ಕಿಗೆ ಅದು ಸುಮಾರು 6 ಟನ್ ನೇರ ಎಳೆತದವರೆಗೆ ತಡೆಯುತ್ತದೆ. ಒಂದು ಟನ್ನಿಗೂ ಕಡಿಮೆ ತೂಗುವ ಎಸ್ಟೀಮ್‌ಗೆ ಇದು ಧಾರಾಳ. ರಂಧ್ರದ ಎರಡೂ ಅಂಚನ್ನು 3 ಮಿಮೀ ದುಂಡು ಮಾಡಿಸಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಚೂಪು ಅಂಚಿಗೆ ಸಿಕ್ಕಿದ, ಕಾರು ಎಳೆಯುವ ಬೆಲ್ಟು ಒಂದೇ ಎಳೆತಕ್ಕೆ ತುಂಡಾಗಬಹುದು.

ಪ್ಲೇಟು ಬಂಪರ್‌ನಿಂದ ಹೊರಗೆ ಚಾಚುವುದು ಕಡಿಮೆಯಿದ್ದಷ್ಟೂ ಒಳ್ಳೆಯದು. ನೆಟ್ಟಗೆ ನಿಲ್ಲಿಸಿದ ಪ್ಲೇಟು ಮೇಲೆ-ಕೆಳಗೆ ಗಟ್ಟಿ, ಪಕ್ಕಕ್ಕೆ ಮೆದು. ಮೆಂಬರಿನ ತುದಿಯಿಂದ ರಂಧ್ರದ ನಡುವಿಗೆ 60 ಮಿಮೀ ಇದ್ದಾಗ ತಡೆಯುವ ಪಕ್ಕದ ಎಳೆತ 120 ಮಿಮೀ ಆದಾಗ ಅರ್ಧಕ್ಕೆ ಇಳಿಯುತ್ತದೆ.

ಬೋಲ್ಟು ಎರಡು, ಎಂ10 (10 ಮಿಮೀ ವ್ಯಾಸದವು), 8.8 ದರ್ಜೆ. ಎರಡರ ನಡುವೆ 45 ಮಿಮೀ ಅಂತರ, ಎಳೆತದ ದಿಕ್ಕಿನಲ್ಲಿ ಒಂದರ ಹಿಂದೆ ಒಂದು. ಪ್ಲೇಟಿನ ಅಂಚಿಗೂ ರಂಧ್ರದ ನಡುವಿಗೂ 20 ಮಿಮೀ ಬಿಡಿ. ಒಂದೇ ಬೋಲ್ಟಾದರೆ ಪ್ಲೇಟು ಅದರ ಸುತ್ತ ತಿರುಗುತ್ತದೆ.

ಮುಂದಿನದು ಎಲ್ಲಕ್ಕಿಂತ ಮುಖ್ಯ. ಮೆಂಬರ್ ಟೊಳ್ಳು. ಹೊರಗಿನಿಂದ ಬೋಲ್ಟು ತೂರಿಸಿ ನಟ್ಟು ಬಿಗಿದರೆ ಪೆಟ್ಟಿಗೆ ಒಳಕ್ಕೆ ಕುಗ್ಗುತ್ತದೆ, ಬಿಗಿತ ನಿಲ್ಲುವುದಿಲ್ಲ, ಎರಡು ಸಲ ಎಳೆಯುವಷ್ಟರಲ್ಲಿ ಬೋಲ್ಟು ಆಡಲು ಶುರು. ಒಳಗೆ ತೋಳು ಹಾಕಬೇಕು: 16 ಮಿಮೀ ಹೊರವ್ಯಾಸ, 10.5 ಮಿಮೀ ಒಳವ್ಯಾಸದ ಉಕ್ಕಿನ ಕೊಳವೆ ತುಂಡು, ಲೇತ್‌ನಲ್ಲಿ ತಿರುಗಿಸಿದ್ದು. ಹುಕ್ ಕೂರುವ ಕಡೆಯ ಗೋಡೆಯಲ್ಲಿ ರಂಧ್ರವನ್ನು 16.5ಕ್ಕೆ ದೊಡ್ಡದು ಮಾಡಿ ತೋಳನ್ನು ತಳ್ಳಿ, ಎದುರು ಗೋಡೆಯಲ್ಲಿ 10.5 ಮಾತ್ರ ಇರಲಿ. ತೋಳಿನ ಉದ್ದ ಹೊರಮೈಗೆ ಸಮವಾಗಬೇಕು. ಕಾಲು ಮಿಮೀ ಹೆಚ್ಚಿದ್ದರೆ ಪರವಾಗಿಲ್ಲ, ಕಡಿಮೆ ಇರಕೂಡದು. ಎದುರು ಗೋಡೆಯ ಹೊರಗೆ 5 ಮಿಮೀ ದಪ್ಪ, ಎರಡೂ ಬೋಲ್ಟನ್ನು ಮುಚ್ಚುವಷ್ಟು ಉದ್ದದ ಒಂದು ಪಟ್ಟಿ ಕೊಡಿ. ಅಗಲ ವಾಷರ್ ಅದರ ಬದಲಿಯಲ್ಲ. ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವುದು) ಹಾಕಿ ಟಾರ್ಕ್ ವ್ರೆಂಚ್‌ನಲ್ಲಿ 45 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ನಟ್ಟಿನಿಂದ ಪಟ್ಟಿಯ ಮೇಲೆ ಹಾಯುವಂತೆ ಪೇಂಟಿನ ಗೆರೆ ಎಳೆದರೆ ಮುಂದೆ ಸಡಿಲವಾದದ್ದು ಒಂದು ನೋಟಕ್ಕೆ ತಿಳಿಯುತ್ತದೆ. ಕೊರೆದ ಅಂಚುಗಳಿಗೆಲ್ಲ ಕೂರಿಸುವ ಮೊದಲೇ ಜಿಂಕ್ ಪ್ರೈಮರ್ ಹಚ್ಚಿ, ಆಮೇಲೆ ಮೆಂಬರ್ ಒಳಗೆ ಮೇಣದ ಸ್ಪ್ರೇ.

ಕೊರೆಯುವ ಮೊದಲು ಗೋಡೆಯ ಆಚೆ ಏನಿದೆ ಎಂದು ನೋಡಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಇವೆಲ್ಲ ಮೆಂಬರ್ ಪಕ್ಕದಲ್ಲೇ ಓಡುವಂಥವು.

ವೆಲ್ಡಿಂಗ್ ಸುಲಭ ಹೌದು, ಆದರೆ ನಮ್ಮ ಮತ ಬೋಲ್ಟಿಗೇ. 8 ಮಿಮೀ ಪ್ಲೇಟನ್ನು ಒಂದೂವರೆ ಮಿಮೀ ತಗಡಿಗೆ ಬೆಸೆಯುವಾಗ ಪ್ಲೇಟು ಕಾಯುವಷ್ಟರಲ್ಲಿ ತಗಡು ಸುಟ್ಟು ತೂತಾಗುತ್ತದೆ, ಇಲ್ಲವೇ ವೆಲ್ಡರ್ ಹೆದರಿ ಮೇಲೆ ಮೇಲೆ ಅಂಟಿಸುತ್ತಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿರುವುದು ಇನ್ನೊಂದು ಕಾರಣ. ಇತ್ತೀಚಿನ ಕಾರುಗಳ ಬಂಪರ್ ಬೀಮ್‌ಗಂತೂ ವೆಲ್ಡಿಂಗ್ ಪೂರ್ತಿ ನಿಷಿದ್ಧ. ಹಲವು ಮಾದರಿಗಳಲ್ಲಿ ಅದು ಕಾಯಿಸಿ ಒತ್ತಿ ತಣಿಸಿದ ಅತಿಗಟ್ಟಿ ಉಕ್ಕು, ಮತ್ತೆ ಕಾಯಿಸಿದ ಜಾಗದಲ್ಲಿ ಆ ಗಟ್ಟಿತನ ಹೋಗುತ್ತದೆ.

ಪ್ರಶ್ನೆ: ಉಕ್ಕಿನ ಹುಕ್ ಬೇಡ, ಬೆಲ್ಟಿನದು ಹಾಕಿ ಎಂದು ಗೆಳೆಯರು ಹೇಳುತ್ತಾರೆ. ಯಾವುದು ಮೇಲು? — ಮಂಗಳೂರು

ಮನೆ ಕಾರಿನ ಮುಂಭಾಗಕ್ಕೆ ಬೆಲ್ಟು, ಹಿಂಭಾಗಕ್ಕೆ ಉಕ್ಕು. ಆಯ್ಕೆಯಿದ್ದರೆ ನಾವು ಹೇಳುವುದು ಇದನ್ನೇ. ಬೆಲ್ಟು ಎಳೆತದ ದಿಕ್ಕಿಗೆ ತಾನೇ ಹೊರಳುತ್ತದೆ, ಬಾಗುವ ಪ್ರಶ್ನೆಯಿಲ್ಲ. ಯಾರಿಗಾದರೂ ತಗುಲಿದರೂ ಗಾಯ ಮಾಡುವುದಿಲ್ಲ. ಹಿಂದೆ ಸೈಲೆನ್ಸರ್ ಬಿಸಿ ಇರುವುದರಿಂದ ಅಲ್ಲಿ ಉಕ್ಕು.

50 ಮಿಮೀ ಅಗಲದ ಪಾಲಿಯೆಸ್ಟರ್ ಬೆಲ್ಟು, ತುದಿ ಹೊಲಿದು ಉಕ್ಕಿನ ಪಟ್ಟಿ ಸೇರಿಸಿದ್ದು, ತಡೆಯುವ ಭಾರ ಬರೆದ ಲೇಬಲ್ ಇರುವುದು ತಗೊಳ್ಳಿ. ಆ ಪಟ್ಟಿಯ ರಂಧ್ರದ ಮೂಲಕ ಬಂಪರ್ ಬೀಮನ್ನು ಮೆಂಬರ್‌ಗೆ ಹಿಡಿದಿರುವ ಬೋಲ್ಟುಗಳಲ್ಲಿ ಒಂದಕ್ಕೆ ಕೂರಿಸಿ. ಪಟ್ಟಿಯ ದಪ್ಪದಷ್ಟು ಉದ್ದನೆಯ ಬೋಲ್ಟು, ಅದೇ ದರ್ಜೆಯದು, ಕಾರಿನ ಸರ್ವಿಸ್ ಪುಸ್ತಕ ಹೇಳುವ ಟಾರ್ಕ್‌ಗೆ. ಬೀಮ್ ಬೋಲ್ಟು ಎಂ8 ಮಾತ್ರ ಇರುವ ಕಾರಾದರೆ ಒಂದಕ್ಕೇ ನೇತುಹಾಕಬೇಡಿ, ಎರಡು ಬೋಲ್ಟು ಹಿಡಿಯುವ ಪಟ್ಟಿ ಮಾಡಿಸಿ. ಕುಣಿಕೆ ಬಂಪರಿನಿಂದ 100ರಿಂದ 150 ಮಿಮೀ ಹೊರಗೆ ಬಂದರೆ ಸಾಕು. ಬಂಪರ್ ಅಥವಾ ಗ್ರಿಲ್ ಕತ್ತರಿಸಿದ ಅಂಚಿಗೆ ಸೀಳಿದ ರಬ್ಬರ್ ಪೈಪು ತೊಡಿಸಿ.

ಬೆಲ್ಟಿಗೆ ಕಾದ ಮೊಳೆಯಿಂದ ತೂತು ಮಾಡಿ ಬೋಲ್ಟು ಹಾಕುವುದು, ಗಂಟು ಹಾಕಿ ಕುಣಿಕೆ ಮಾಡುವುದು ಎರಡೂ ತಪ್ಪು. ತೂತು ನೂಲನ್ನು ಕಡಿಯುತ್ತದೆ, ಗಂಟು ಬಲವನ್ನು ಅರ್ಧದಷ್ಟು ಕಡಿಮೆ ಮಾಡುತ್ತದೆ. ನಮ್ಮ ಬಿಸಿಲಿಗೆ ಬೆಲ್ಟು ಬೇಗ ಬಡಕಲಾಗುತ್ತದೆ, ಆದ್ದರಿಂದ ಟ್ರ್ಯಾಕ್ ಮುಗಿದ ಮೇಲೆ ಗ್ರಿಲ್ ಒಳಗೆ ಮಡಚಿ ಸಿಕ್ಕಿಸಿಡಿ. ಬಣ್ಣ ಮಾಸಿ, ಕೈಗೆ ಒರಟಾಗಿ, ಅಂಚಿನ ನೂಲು ಎದ್ದರೆ ಬದಲಿಸಿ.

ಪ್ರಶ್ನೆ: ಯಾವ ಬಣ್ಣ ಬಳಿಯಬೇಕು? — ತುಮಕೂರು

ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮಾವಳಿಯ ಅನುಬಂಧ ಜೆ, 253ನೇ ವಿಧಿ ಹೇಳುವುದು ಹಳದಿ, ಕೆಂಪು ಅಥವಾ ಕಿತ್ತಳೆ. ಮುಂದೆಯೂ ಹಿಂದೆಯೂ ಇರಬೇಕು, ಚೆನ್ನಾಗಿ ಕಾಣಬೇಕು. ಟ್ರ್ಯಾಕ್ ಡೇ ಸ್ಪರ್ಧೆಯಲ್ಲ, ಆದರೂ ಅದನ್ನೇ ಪಾಲಿಸಿ. ಕೆಂಪು ಕಾರಿಗೆ ಹಳದಿ ಹುಕ್. ಹತ್ತಿರ ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸಿ, ಬಾಣದ ತುದಿ ಹುಕ್ಕಿನ ಕಡೆಗೇ ಇರಲಿ. ಅದೇ ವಿಧಿಯಲ್ಲಿ ಇನ್ನೊಂದು ಮಾತಿದೆ, ಬಣ್ಣಕ್ಕಿಂತ ಮುಖ್ಯವಾದದ್ದು: ಕಾರು ಸರಾಗವಾಗಿ ಉರುಳುವಂತಿದ್ದರೆ ಮಾತ್ರ ಟೋ ಹುಕ್ ಬಳಸಬೇಕು. ಚಕ್ರ ಮುರಿದ, ಲಾಕ್ ಆದ ಕಾರನ್ನು ಹುಕ್ ಹಿಡಿದು ಎಳೆಯುವುದಲ್ಲ, ಎತ್ತುವುದು.

ಪ್ರಶ್ನೆ: ಹುಕ್ಕನ್ನು ಕಾಯಂ ಹಾಕಿಟ್ಟರೆ ಪೊಲೀಸರು ಹಿಡಿಯುತ್ತಾರೆಯೇ? ವಿಮೆಗೆ ತೊಂದರೆಯೇ? ಕಾರಿನಲ್ಲಿ ರಾಡಾರ್ ಕ್ರೂಸ್ ಕಂಟ್ರೋಲ್ ಇದೆ. — ಮೈಸೂರು

ಕಾಯಂ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ, 2019ರ ತಿದ್ದುಪಡಿಯ ನಂತರ, 182ಎ ಕಲಮಿನಡಿ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ಬಂಪರ್ ಮುಂದೆ ಹಾಕಿಸುವ ಲೋಹದ ಕಂಬಿಗಳಾದ ಬುಲ್ ಬಾರ್‌ಗಳ ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದದ್ದು ಪಾದಚಾರಿಗಳ ಸುರಕ್ಷತೆಯ ಕಾರಣಕ್ಕೂ. ಮೊಣಕಾಲ ಎತ್ತರದಲ್ಲಿ ಚಾಚಿರುವ ಉಕ್ಕಿನ ಉಂಗುರಕ್ಕೂ ಅದೇ ಆಕ್ಷೇಪ ಸಲ್ಲುತ್ತದೆ.

ಕಾನೂನು ಪಕ್ಕಕ್ಕಿಟ್ಟರೂ ಇದು ನಷ್ಟದ ಬಾಬತ್ತು. ಪಾರ್ಕಿಂಗಿನಲ್ಲಿ ಮೆಲ್ಲಗೆ ತಾಗಿದರೆ ಬಂಪರ್, ಅದರೊಳಗಿನ ಫೋಮ್ ಏಟು ನುಂಗಿಕೊಳ್ಳುತ್ತವೆ. ಹುಕ್ ಚಾಚಿದ್ದರೆ ಏಟು ನೇರ ಬೀಮ್‌ಗೆ, ಅದೂ ಒಂದೇ ಬದಿಗೆ. ಪೇಂಟ್ ಕೆಲಸದಲ್ಲಿ ಮುಗಿಯಬೇಕಾದದ್ದು ಬೀಮ್ ಬದಲಿಸುವಲ್ಲಿಗೆ ಬರುತ್ತದೆ. ಮುಂದಿನ ಏರ್‌ಬ್ಯಾಗ್ ಸೆನ್ಸರ್‌ಗಳು ಕೂರುವುದೂ ರೇಡಿಯೇಟರ್ ಸುತ್ತಿನ ಚೌಕಟ್ಟಿನಲ್ಲೇ. ಆ ಬ್ರಾಕೆಟ್ಟುಗಳ ಹತ್ತಿರ ಕೊರೆಯುವುದು, ಅದೇ ಬೋಲ್ಟಿಗೆ ಬೆಲ್ಟು ಹಾಕುವುದು ಬೇಡ. ರಾಡಾರ್ ಇರುವ ಕಾರಿನಲ್ಲಿ ಕೆಳಗಿನ ಗ್ರಿಲ್ಲಿನಲ್ಲಿ ರಾಡಾರನ್ನು ಮುಚ್ಚಿರುವ ಚಪ್ಪಟೆ ಫಲಕದ ಮುಂದೆ ಲೋಹದ್ದೇನೂ ಬರಕೂಡದು. ನಂಬರ್ ಪ್ಲೇಟಿನ ಒಂದು ಅಕ್ಷರವೂ ಮರೆಯಾಗಬಾರದು.

ವಿಮೆಯದ್ದು ಹುಕ್ಕಿಗೆ ಸಂಬಂಧಿಸಿದ್ದೇ ಅಲ್ಲ. ನಮ್ಮಲ್ಲಿನ ಖಾಸಗಿ ಕಾರು ಪಾಲಿಸಿಗಳ ಬಳಕೆಯ ಮಿತಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನೊಳಗೆ ಆದ ಹಾನಿ ನಿಮ್ಮ ಜೇಬಿನದೇ ಎಂದುಕೊಂಡು ಹೊರಡಿ.

ಪ್ರಶ್ನೆ: ಹೋದ ಸಲ ಎಳೆದಾಗ ಕೊಂಡಿ ಸ್ವಲ್ಪ ಸೊಟ್ಟಗಾಯಿತು. ಕಾಯಿಸಿ ನೆಟ್ಟಗೆ ಮಾಡಿಸಬಹುದೇ? — ಶಿವಮೊಗ್ಗ

ಗುಜರಿಗೆ ಹಾಕಿ. ಒಮ್ಮೆ ಬಾಗಿದ ಉಕ್ಕಿನಲ್ಲಿ ಥ್ರೆಡ್ ಶುರುವಾಗುವ ಕಡೆ ಕೂದಲೆಳೆ ಬಿರುಕು ಇರಬಹುದು, ಕಾಯಿಸಿದರೆ 8.8 ದರ್ಜೆಯ ಗಟ್ಟಿತನವೂ ಹೋಗುತ್ತದೆ. ನಟ್ಟನ್ನೂ ನೋಡಿ: ಹೊಸ ಕೊಂಡಿ ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ, ಅಥವಾ ಹೋಗಿಯೂ ಉಂಗುರ ಕಾರಿನ ನೇರಕ್ಕೆ ನಿಲ್ಲದಿದ್ದರೆ, ಬೀಮ್ ತಿರುಚಿದೆ. ಸ್ವಂತ ಮಾಡಿಸಿದ ಪ್ಲೇಟ್ ಹುಕ್ಕಾದರೆ ಬಣ್ಣ ತೆಗೆದು ಡೈ ಪೆನೆಟ್ರೆಂಟ್ ಸ್ಪ್ರೇ ಹೊಡೆದು ನೋಡಬಹುದು. ಶುಚಿ ಮಾಡುವುದು, ಕೆಂಪು ದ್ರವ, ಬಿಳಿ ಪುಡಿ ಎಂದು ಮೂರು ಡಬ್ಬಿಯ ಸೆಟ್ ಬರುತ್ತದೆ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ.

ಪ್ರಶ್ನೆ: ಟ್ರ್ಯಾಕಿನಲ್ಲಿ ಕಾರು ನಿಂತುಹೋದರೆ, ಎಳೆಯುವಾಗ ಒಳಗೆ ಕೂತವರು ಏನು ಮಾಡಬೇಕು? ನನ್ನದು ಆಟೊಮ್ಯಾಟಿಕ್. ಪತ್ನಿಯ ಕಾರು ಎಲೆಕ್ಟ್ರಿಕ್, ಅದಕ್ಕೂ ಇದೇ ಹುಕ್ ನಡೆಯುತ್ತದೆಯೇ? — ವೈಟ್‌ಫೀಲ್ಡ್, ಬೆಂಗಳೂರು

ಹೊಗೆ, ಬೆಂಕಿ ಇಲ್ಲದಿದ್ದರೆ ಸೀಟ್ ಬೆಲ್ಟ್ ಬಿಚ್ಚದೆ ಒಳಗೇ ಕೂತಿರಿ, ಮಾರ್ಷಲ್ ಹೇಳುವವರೆಗೆ ಇಳಿಯಬೇಡಿ. ಹಗ್ಗ ಕಟ್ಟಲು ಬಂದವರಿಗೆ ಹುಕ್ ಯಾವ ಬದಿಯಲ್ಲಿದೆ ಎಂದು ಕೈ ತೋರಿಸಿ. ಕೀ ಆನ್‌ನಲ್ಲಿರಲಿ, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಆಗಬಹುದು. ಎಂಜಿನ್ ಆರಿದ್ದರೆ ಬ್ರೇಕ್ ಎರಡು-ಮೂರು ಸಲ ಒತ್ತುವುದರಲ್ಲಿ ಪೆಡಲ್ ಹಗುರ ಮಾಡುವ ಬೂಸ್ಟರಿನ ನಿರ್ವಾತ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನಂತೆ. ಸುಮ್ಮನೆ ಒತ್ತುತ್ತ ಕೂರಬೇಡಿ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಬ್ಯಾಟರಿ ಸಾಯುವ ಮೊದಲೇ ಬಿಡಿಸಿ ನ್ಯೂಟ್ರಲ್‌ಗೆ ಹಾಕಿ. ಬ್ಯಾಟರಿ ಹೋದ ಮೇಲೆ ಆಟೊಮ್ಯಾಟಿಕ್ ಲಿವರನ್ನು ಪಿ (ಪಾರ್ಕ್) ಸ್ಥಾನದಿಂದ ಬಿಡಿಸುವ ಯಾಂತ್ರಿಕ ಉಪಾಯ ನಿಮ್ಮ ಮಾದರಿಯಲ್ಲಿ ಎಲ್ಲಿದೆ ಎಂದು ಕೈಪಿಡಿಯಲ್ಲಿ ಮೊದಲೇ ನೋಡಿಡಿ. ಎಳೆಯುವ ಹಗ್ಗ ಬಿಗಿಯಾದ ಮೇಲೇ ವಾಹನ ಹೊರಡಬೇಕು. ಸಡಿಲವಿದ್ದು ಜರ್ಕ್ ಬೀಳುವಂತಿದ್ದರೆ ಹಾರ್ನ್ ಹೊಡೆದು ನಿಲ್ಲಿಸಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಪಂಪನ್ನು ಸಾಮಾನ್ಯವಾಗಿ ಎಂಜಿನ್ನೇ ಓಡಿಸುತ್ತದೆ. ಎಂಜಿನ್ ನಿಂತು ಚಕ್ರ ತಿರುಗಿದರೆ ಒಳಭಾಗಗಳು ಒಣಗಿ ಉಜ್ಜುತ್ತವೆ. ಜಲ್ಲಿಯಿಂದ ಹೊರಗೆ, ಟ್ರ್ಯಾಕಿನ ಅಂಚಿನ ಸುರಕ್ಷಿತ ಜಾಗಕ್ಕೆ, ನಡೆಯುವ ವೇಗದಲ್ಲಿ ಎಳೆಸಿಕೊಳ್ಳಿ. ಪ್ಯಾಡಾಕ್‌ವರೆಗೆ ಕಾರನ್ನು ಮೇಲೇರಿಸಿಕೊಂಡು ಒಯ್ಯುವ ಚಪ್ಪಟೆ ಲಾರಿ, ಫ್ಲಾಟ್‌ಬೆಡ್, ಕೇಳಿ.

ಎಲೆಕ್ಟ್ರಿಕ್ ಕಾರಿಗೆ ಹುಕ್ ಇರಲಿ, ಆದರೆ ಅದರ ಕೆಲಸ ಜಲ್ಲಿಯಿಂದ ಬಿಡಿಸಿ ಫ್ಲಾಟ್‌ಬೆಡ್ ಮೇಲೆ ವಿಂಚ್‌ನಿಂದ ಏರಿಸುವಷ್ಟಕ್ಕೆ ಮಾತ್ರ. ಚಕ್ರ ತಿರುಗಿದರೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟುತ್ತದೆ, ಇನ್ವರ್ಟರ್ ಸುಡಬಹುದು. ಬ್ಯಾಟರಿಯಿಂದಾಗಿ ಅವು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ 200–300 ಕೆಜಿ ಹೆಚ್ಚು ತೂಗುವುದೂ ಉಂಟು. ಆದ್ದರಿಂದ ಪೆಟ್ರೋಲ್ ಕಾರಿಗೆ ತಂದ ಕೊಂಡಿಯ ಥ್ರೆಡ್ ಅಕಸ್ಮಾತ್ ಹೊಂದಿಕೊಂಡರೂ ಅದನ್ನು ಹಾಕದೆ ಆ ಕಾರಿನ ಜೊತೆ ಬಂದದ್ದನ್ನೇ ಬಳಸಿ. ಕಾರು ತಳ ತಾಗಿಸಿ ಜಲ್ಲಿಯ ಮೇಲೆ ಉಜ್ಜಿದ್ದರೆ, ಮನೆಯಲ್ಲಿ ಚಾರ್ಜರ್‌ಗೆ ಹಚ್ಚುವ ಮೊದಲು ಬ್ಯಾಟರಿ ಪೆಟ್ಟಿಗೆಯ ಕೆಳಮೈಯನ್ನು ಸರ್ವಿಸ್ ಸೆಂಟರಿನಲ್ಲಿ ಲಿಫ್ಟ್ ಮೇಲೆ ಏರಿಸಿ ನೋಡಿಸಿ.